ಕೊಕ್ಕರೆಯ ನಡಿಗೆಯ ಊರು

ಬೇಸಗೆಯ ಒಂದು ಬೆಳಗು. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಮರಗಳ ನೆರಳಿನಲ್ಲಿ ಮೊಣಕಾಲಿನವರೆಗೆ ನೀರು ತುಂಬಿದ ಕಲ್ಲಿನ ತೊಟ್ಟಿಯೊಂದಿದೆ. ಆಯ ತಪ್ಪಿದವರು ಹಿಡಿದುಕೊಳ್ಳಲೆಂದು ಅದರ ನಡುವೆ ಕಬ್ಬಿಣದ ಕಂಬಿಯನ್ನು ನಿಲ್ಲಿಸಿದ್ದಾರೆ. ತೊಟ್ಟಿಯೊಳಗೆ ಏಳೆಂಟು ಮಂದಿ ಒಬ್ಬರ ಹಿಂದೊಬ್ಬರು ಸುತ್ತು ಬರುತ್ತಿದ್ದಾರೆ. ನಿವೃತ್ತ ನ್ಯಾಯಾಧೀಶರಂತೆ ಕಾಣುವ ಗಂಭೀರವದನದ ವೃದ್ಧರು ಷರಾಯಿಯನ್ನು ತೊಡೆಯವರೆಗೆ ಮಡಿಸಿಕೊಂಡಿದ್ದಾರೆ. ಅವರ ಹಿಂದೆ ಸ್ಥೂಲಕಾಯದ ಗೃಹಿಣಿಯೊಬ್ಬರು ಲಂಗದ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದಾರೆ. ಕೊನೆಯಲ್ಲಿ ಶಾಲೆಗೆ ಹೋಗುವ ಹುಡುಗ. ಎಲ್ಲರೂ ಹೆಜ್ಜೆ ಹೆಜ್ಜೆಗೂ ಪಾದವನ್ನು ನೀರಿನಿಂದ ಪೂರ್ತಿಯಾಗಿ ಮೇಲಕ್ಕೆತ್ತಿ, ಕ್ಷಣಕಾಲ ಗಾಳಿಯಲ್ಲಿ ನಿಲ್ಲಿಸಿ, ಮತ್ತೆ ಮೆಲ್ಲಗೆ ನೀರಿಗಿಳಿಸುತ್ತಾರೆ. ಕೆಸರುಗದ್ದೆಯಲ್ಲಿ ಮೀನನ್ನರಸುವ ಕೊಕ್ಕರೆಯ ನಡಿಗೆಯೇ ಅದು. ನೋಡುವವನಿಗೆ ನಗು ಬಂದೀತು. ಆದರೆ ಅಲ್ಲಿ ಯಾರೂ ನಗುವುದಿಲ್ಲ. ಒಂದೆರಡು ನಿಮಿಷಗಳಲ್ಲಿ ಒಬ್ಬೊಬ್ಬರಾಗಿ ಮೇಲೇರಿ, ಕಾಲಿಗಂಟಿದ ನೀರನ್ನು ಅಂಗೈಯಿಂದ ಸವರಿ ಇಳಿಸಿ, ಉಣ್ಣೆಯ ಕಾಲುಚೀಲ ತೊಟ್ಟು, ಬಿರುಸಾಗಿ ನಡೆಯುತ್ತ ಮರೆಯಾಗುತ್ತಾರೆ.

ಈ ದೃಶ್ಯ ನಿತ್ಯವಿಧಿಯಂತೆ ನಡೆದುಬರುವ ಊರಿನ ಹೆಸರು ಬಾಡ್ ವೋರಿಸ್‌ಹೋಫನ್. ಜರ್ಮನಿಯ ದಕ್ಷಿಣ ಭಾಗದ ಬವೇರಿಯಾದಲ್ಲಿ, ಮ್ಯೂನಿಕ್ ನಗರದಿಂದ ಪಶ್ಚಿಮಕ್ಕೆ ಸುಮಾರು ೮೦ ಕಿಲೋಮೀಟರು ದೂರದಲ್ಲಿ ಇದು ನೆಲೆಸಿದೆ. ಮ್ಯೂನಿಕ್‌ನಿಂದ ಹೊರಡುವ ರೈಲು ಗೋಧಿಹೊಲಗಳನ್ನೂ ಹುಲ್ಲುಗಾವಲುಗಳನ್ನೂ ಈರುಳ್ಳಿಯಾಕಾರದ ಗೋಪುರ ಹೊತ್ತ ಹಳ್ಳಿಯ ಚರ್ಚುಗಳನ್ನೂ ದಾಟಿ ಬರುತ್ತದೆ. ಟ್ಯುರ್ಕ್‌ಹೈಮ್ ಎಂಬ ನಿಲ್ದಾಣದಿಂದ ಸಣ್ಣ ಕವಲುದಾರಿಯೊಂದು ಪ್ರಯಾಣಿಕನನ್ನು ಊರಿನ ಬಾಗಿಲಿಗೆ ತಂದು ಇಳಿಸುತ್ತದೆ. ಆಕಾಶ ತಿಳಿಯಾಗಿರುವ ದಿನ ದಕ್ಷಿಣದ ಅಂಚಿನಲ್ಲಿ ಆಲ್ಪ್ಸ್ ಪರ್ವತಗಳ ನೀಲಿ ಸಾಲು ಗೋಚರಿಸುತ್ತದೆ.

ಜರ್ಮನ್ ಭಾಷೆಯಲ್ಲಿ ‘ಬಾಡ್’ ಎಂದರೆ ಸ್ನಾನ. ಆರೋಗ್ಯಸ್ನಾನಕ್ಕೆ ಹೆಸರಾದ ಊರುಗಳಿಗೆ ಅಲ್ಲಿನ ಸರಕಾರ ಕೊಡುವ ಬಿರುದು ಇದು. ವೋರಿಸ್‌ಹೋಫನ್ನಿಗೆ ಈ ಬಿರುದು ದೊರೆತದ್ದು ೧೯೨೦ರಲ್ಲಿ; ಪಟ್ಟಣವೆಂಬ ಪದವಿ ಬಂದದ್ದು ೧೯೪೯ರಲ್ಲಿ. ಅದಕ್ಕೆ ಮೊದಲು ಅದು ದನಕರುಗಳ ಹಳ್ಳಿ. ಯೂರೋಪಿನ ಬೇರೆ ಸ್ನಾನಕ್ಷೇತ್ರಗಳಲ್ಲಿ ನೆಲದಿಂದ ಬಿಸಿನೀರಿನ ಬುಗ್ಗೆ ಉಕ್ಕುತ್ತದೆ, ಇಲ್ಲವೆ ಗಂಧಕವೋ ಲವಣವೋ ಬೆರೆತ ಊಟೆ ಹರಿಯುತ್ತದೆ. ಈ ಊರು ಪ್ರಸಿದ್ಧಿಗೆ ಬಂದಾಗ ಇಲ್ಲಿ ಅಂಥದೊಂದೂ ಇರಲಿಲ್ಲ. ಇಲ್ಲಿ ಇದ್ದದ್ದು ಯಾವ ಹಳ್ಳಿಯಲ್ಲೂ ಸಿಗುವ ಸಾಧಾರಣ ತಣ್ಣೀರು, ಮತ್ತು ಆ ನೀರನ್ನು ಹೇಗೆ ಬಳಸಬೇಕೆಂದು ಅರಿತ ಒಬ್ಬ ಪಾದ್ರಿ.

ನೇಕಾರನ ಮಗ

ಸೆಬಾಸ್ಟಿಯನ್ ಕ್ನೈಪ್ ಹುಟ್ಟಿದ್ದು ೧೮೨೧ರ ಮೇ ೧೭ರಂದು, ಒಟ್ಟೊಬಾಯ್ರನ್ ಮಠದ ಬಳಿಯ ಸ್ಟೆಫನ್ಸ್‌ರೀಡ್ ಎಂಬ ಕುಗ್ರಾಮದಲ್ಲಿ. ತಂದೆ ಬಡ ನೇಕಾರ. ಹುಡುಗನೂ ಎಳವೆಯಲ್ಲೇ ಮಗ್ಗಕ್ಕೆ ಕುಳಿತ. ಪಾದ್ರಿಯಾಗಬೇಕೆಂಬುದು ಅವನ ಮನದಾಸೆ. ಆದರೆ ಪಾದ್ರಿಯಾಗಲು ಲ್ಯಾಟಿನ್ ಕಲಿಯಬೇಕು, ಲ್ಯಾಟಿನ್ ಕಲಿಯಲು ಹಣ ಬೇಕು. ಕೂಲಿಯಲ್ಲಿ ಉಳಿಸಿ ಉಳಿಸಿ ಅವನು ೭೦ ಗುಲ್ಡನ್ ನಾಣ್ಯಗಳನ್ನು ಕೂಡಿಟ್ಟಿದ್ದ. ಅವನಿಗೆ ೨೧ ವರ್ಷವಾದಾಗ ಮನೆಗೆ ಬೆಂಕಿ ಬಿತ್ತು. ಮಗ್ಗದೊಂದಿಗೆ ಆ ಗಂಟೂ ಬೂದಿಯಾಯಿತು.

ಕೆಲಕಾಲದ ಮೇಲೆ ದೂರದ ಸಂಬಂಧಿಯಾದ ಮ್ಯಾಟಿಯಾಸ್ ಮರ್ಕ್ಲೆ ಎಂಬ ಪಾದ್ರಿ ಅವನಿಗೆ ಲ್ಯಾಟಿನ್ ಹೇಳಿಕೊಟ್ಟರು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಕ್ನೈಪ್ ಡಿಲ್ಲಿಂಗನ್ ಪಟ್ಟಣದ ಶಾಲೆಯಲ್ಲಿ ಪುಟ್ಟ ಹುಡುಗರ ಪಕ್ಕದಲ್ಲಿ ಕುಳಿತ. ಹಗಲಿರುಳೂ ಓದಿದ. ಆದರೆ ದೇಹ ಸೋತಿತು. ಕೆಮ್ಮು, ರಕ್ತ, ಜ್ವರ: ಆ ಕಾಲದಲ್ಲಿ ಮದ್ದಿಲ್ಲದ ಕ್ಷಯ ಅವನನ್ನು ಹಿಡಿಯಿತು. ವೈದ್ಯರು ಕೈಚೆಲ್ಲಿದರು.

೧೮೪೯ರಲ್ಲಿ ಒಂದು ಹಳೆಯ ಪುಸ್ತಕ ಅವನ ಕೈಗೆ ಸಿಕ್ಕಿತು. ಹದಿನೆಂಟನೆಯ ಶತಮಾನದಲ್ಲಿ ಯೋಹಾನ್ ಸೀಗ್ಮುಂಡ್ ಹಾನ್ ಎಂಬ ವೈದ್ಯ ತಣ್ಣೀರಿನ ಶಕ್ತಿಯನ್ನು ಕುರಿತು ಬರೆದ ಗ್ರಂಥ ಅದು. ಸಾಯುವವನಿಗೆ ಕಳೆದುಕೊಳ್ಳುವುದೇನಿದೆ? ಆ ವರ್ಷದ ನವೆಂಬರ್ ಚಳಿಯಲ್ಲಿ ಕ್ನೈಪ್ ವಾರಕ್ಕೆ ಎರಡು ಮೂರು ಸಲ ಡ್ಯಾನ್ಯೂಬ್ ನದಿಗೆ ಹೋಗತೊಡಗಿದ. ಹೋಗುವಾಗ ಓಡಿ ಓಡಿ ಮೈ ಬಿಸಿ ಮಾಡಿಕೊಳ್ಳುವನು. ಬಟ್ಟೆ ಕಳಚಿ ಕೆಲವೇ ಕ್ಷಣ ನೀರಿನಲ್ಲಿ ಮುಳುಗುವನು. ಮೈ ಒರಸದೆಯೇ ಬಟ್ಟೆ ತೊಟ್ಟು ಮತ್ತೆ ಓಡುತ್ತ ಮರಳುವನು. ದಿನದಿಂದ ದಿನಕ್ಕೆ ಅವನು ಚೇತರಿಸಿಕೊಂಡ. ೧೮೫೨ರಲ್ಲಿ ಪಾದ್ರಿಯ ದೀಕ್ಷೆಯನ್ನೂ ಪಡೆದ.

ನೀರೇ ಕ್ಷಯವನ್ನು ಗುಣಪಡಿಸಿತೆಂದು ಇಂದಿನ ವೈದ್ಯರು ಒಪ್ಪುವುದಿಲ್ಲ. ಕೆಲವರಲ್ಲಿ ಆ ರೋಗ ತಾನಾಗಿಯೇ ಅಡಗುವುದುಂಟು. ನಿಜವಾದ ಔಷಧಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕ್ನೈಪ್‌ಗಾದರೋ ಬದುಕಿ ಉಳಿದದ್ದೇ ಪ್ರಮಾಣವಾಯಿತು. ತಾನು ಪಡೆದದ್ದನ್ನು ಇತರರಿಗೂ ಕೊಡಬೇಕೆಂಬ ಹಂಬಲ ಅವರನ್ನು ಜೀವಮಾನವೆಲ್ಲ ಬಿಡಲಿಲ್ಲ.

ಮಠದ ಬಾಗಿಲಲ್ಲಿ

ಹಂಬಲ ತೊಂದರೆಯನ್ನೂ ತಂದಿತು. ವೈದ್ಯನಲ್ಲದವನು ಚಿಕಿತ್ಸೆ ಮಾಡುವುದು ಕಾನೂನಿಗೆ ವಿರುದ್ಧವಾಗಿತ್ತು. ಎಳೆಯ ಪಾದ್ರಿಯ ಮೇಲೆ ದೂರುಗಳು ಬಂದವು, ದಂಡವನ್ನೂ ತೆರಬೇಕಾಯಿತು. ಆದರೂ ಬಾಗಿಲಿಗೆ ಬಂದ ಬಡ ರೋಗಿಯನ್ನು ಹಿಂದಕ್ಕೆ ಕಳುಹಿಸಲು ಅವರಿಂದಾಗಲಿಲ್ಲ. ೧೮೫೫ರಲ್ಲಿ ಮೇಲಿನವರು ಅವರನ್ನು ವೋರಿಸ್‌ಹೋಫನ್ನಿನ ಡೊಮಿನಿಕನ್ ಸನ್ಯಾಸಿನಿಯರ ಮಠಕ್ಕೆ ಧರ್ಮಗುರುವಾಗಿ ಕಳುಹಿಸಿದರು. ಮಠದ ಹೊಲಗದ್ದೆಗಳ ಆಡಳಿತವನ್ನು ಸರಿಪಡಿಸುವ ಹೊಣೆಯೂ ಅವರ ಮೇಲೆ ಬಿತ್ತು. ಅವರು ಹುಲ್ಲುಗಾವಲುಗಳನ್ನು ತಿದ್ದಿದರು, ದನಗಳನ್ನು ಸಾಕಿದರು, ಜೇನು ಕಟ್ಟಿಸಿದರು. ಜೇನುಸಾಕಣೆಯನ್ನು ಕುರಿತು ಪುಸ್ತಕವನ್ನೂ ಬರೆದರು. ಸಂದು ಸಮಯದಲ್ಲಿ ರೋಗಿಗಳಿಗೆ ನೀರೆರೆಯುತ್ತಿದ್ದರು. ಅವರ ಉಪಕರಣವೆಂದರೆ ತೋಟದ ಗಿಡಗಳಿಗೆ ನೀರು ಹಾಕುವ ಉದ್ದ ಮೂತಿಯ ತಗಡಿನ ಡಬ್ಬ.

ಇಂದಿಗೂ ಆ ಮಠದ ಕಟ್ಟಡ ಊರಿನ ನಡುವೆ ನಿಂತಿದೆ. ಅದರ ಚರ್ಚಿನೊಳಗಿನ ಗಾರೆಯ ಹೂಬಳ್ಳಿಗಳನ್ನೂ ಚಿತ್ರಗಳನ್ನೂ ಹದಿನೆಂಟನೆಯ ಶತಮಾನದ ಹೆಸರಾಂತ ಕಲಾವಿದರಾದ ಸಿಮ್ಮರ್‌ಮನ್ ಸಹೋದರರು ರಚಿಸಿದರು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದು ಸೇರಿದ ಜನಸ್ತೋಮ ಚಿತ್ರಗಳನ್ನು ನೋಡಲು ಬಂದದ್ದಲ್ಲ. ೧೮೮೬ರಲ್ಲಿ ಕ್ನೈಪ್ ‘ನನ್ನ ಜಲಚಿಕಿತ್ಸೆ’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಮೂರು ವರ್ಷಗಳ ಬಳಿಕ, ಬದುಕಬೇಕಾದ ರೀತಿಯನ್ನು ತಿಳಿಸುವ ಇನ್ನೊಂದನ್ನು. ಅಚ್ಚಿನ ಮೇಲೆ ಅಚ್ಚು ಖರ್ಚಾಯಿತು. ಹಲವು ಭಾಷೆಗಳಿಗೆ ಅನುವಾದವಾಯಿತು. ಹಳ್ಳಿಯ ದಾರಿಯಲ್ಲಿ ಗಾಡಿಗಳ ಸಾಲು ನಿಂತಿತು. ರೈತರ ಮನೆಗಳ ಅಟ್ಟಗಳೂ ಅತಿಥಿಗಳಿಂದ ತುಂಬಿದವು. ಆಸ್ಟ್ರಿಯಾದ ರಾಜಮನೆತನದ ಆರ್ಚ್‌ಡ್ಯೂಕ್ ಜೋಸೆಫ್ ಬಂದರು, ಕೂಲಿಯವನೂ ಬಂದ. ಇಬ್ಬರೂ ಅದೇ ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದರು. ಪಾದರಕ್ಷೆ ಕಳಚಿದ ಮೇಲೆ ಯಾರು ಪ್ರಭು, ಯಾರು ಸೇವಕ ಎಂದು ಗುರುತಿಸುವುದು ಸುಲಭವಲ್ಲ.

ಬಂದ ಕಾಣಿಕೆಯನ್ನು ಕ್ನೈಪ್ ತಮಗಾಗಿ ಇಟ್ಟುಕೊಳ್ಳಲಿಲ್ಲ. ೧೮೯೧ರಲ್ಲಿ ಸೆಬಾಸ್ಟಿಯಾನಿಯಂ ಎಂಬ ಚಿಕಿತ್ಸಾಗೃಹವೂ, ೧೮೯೩ರಲ್ಲಿ ರೋಗಿ ಮಕ್ಕಳಿಗೆ ಆಶ್ರಯಧಾಮವೂ, ೧೮೯೬ರಲ್ಲಿ ಕ್ನೈಪಿಯಾನಂ ಎಂಬ ಇನ್ನೊಂದು ಗೃಹವೂ ಎದ್ದವು. ೧೮೯೪ರಲ್ಲಿ ರೋಮಿಗೆ ಹೋದಾಗ ಹದಿಮೂರನೆಯ ಲಿಯೋ ಪೋಪರೇ ಅವರ ಸಲಹೆ ಕೇಳಿದರು. ಒಮ್ಮೆ ಚಿಕಿತ್ಸೆ ಮಾಡಿದ್ದಕ್ಕಾಗಿ ದಂಡ ತೆತ್ತವರಿಗೆ ಇದಕ್ಕಿಂತ ಹೆಚ್ಚಿನ ಮನ್ನಣೆ ಬೇಕಿರಲಿಲ್ಲ.

ಕಠಿಣದಿಂದ ಮೃದುವಿಗೆ

ಈ ಕಥೆಯಲ್ಲಿ ಎಲ್ಲಕ್ಕಿಂತ ಮನಮುಟ್ಟುವ ಸಂಗತಿ ಬೇರೆ ಇದೆ. ಹಿಮಗಟ್ಟುವ ನದಿಗೆ ಹಾರಿ ಬದುಕಿ ಬಂದ ಮನುಷ್ಯ, ಎಲ್ಲರೂ ಹಾಗೆಯೇ ಹಾರಬೇಕೆಂದು ಹಟ ಹಿಡಿದಿದ್ದರೆ ಆಶ್ಚರ್ಯವಿರಲಿಲ್ಲ. ತಾವು ಪಟ್ಟ ಕಷ್ಟವನ್ನೇ ಇತರರಿಗೂ ವಿಧಿಸುವ ಗುರುಗಳು ಲೋಕದಲ್ಲಿ ಕಡಿಮೆಯಿಲ್ಲ. ಕ್ನೈಪ್ ಮೊದಮೊದಲು ಕಠಿಣವಾಗಿಯೇ ಇದ್ದರು. ಆದರೆ ವರ್ಷಗಳು ಉರುಳಿದಂತೆ ರೋಗಿಗಳನ್ನು ನೋಡಿ ನೋಡಿ ಅವರು ತಮ್ಮ ಕ್ರಮವನ್ನು ಮತ್ತೆ ಮತ್ತೆ ತಿದ್ದಿಕೊಂಡರು. ಕಠಿಣದಿಂದ ಮೃದುವಿಗೆ, ಮೃದುವಿನಿಂದ ಇನ್ನೂ ಮೃದುವಿಗೆ ತಾವು ಬಂದ ಬಗೆಯನ್ನು ತಮ್ಮ ಪುಸ್ತಕದ ಪೀಠಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಇಡೀ ದೇಹದ ಮುಳುಗುಸ್ನಾನ ಹಿಂದೆ ಸರಿಯಿತು. ಮೊಣಕಾಲಿಗೆ, ತೋಳಿಗೆ, ಬೆನ್ನಿಗೆ ಸ್ವಲ್ಪ ಸ್ವಲ್ಪವಾಗಿ ನೀರೆರೆಯುವ ವಿಧಾನಗಳು ಮುಂದೆ ಬಂದವು. ಇಂದು ಈ ಪದ್ಧತಿಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಜಲಪ್ರಯೋಗಗಳಿವೆ. ಅವುಗಳಲ್ಲಿ ಅತ್ಯಂತ ಸರಳವಾದುವು ಪಾದಕ್ಕೆ ಸಂಬಂಧಿಸಿದವು.

ಎಲ್ಲಕ್ಕೂ ಮೊದಲಿನ ನಿಯಮ ಒಂದೇ: ತಣ್ಣಗಿರುವ ಕಾಲಿಗೆ ತಣ್ಣೀರು ಸಲ್ಲದು. ಡ್ಯಾನ್ಯೂಬಿನ ದಡಕ್ಕೆ ಓಡಿಕೊಂಡು ಹೋದ ವಿದ್ಯಾರ್ಥಿಯ ಅನುಭವವೇ ಇಲ್ಲಿ ಶಾಸ್ತ್ರವಾಗಿದೆ. ಕಾಲು ಮುಟ್ಟಿ ನೋಡಬೇಕು. ತಣ್ಣಗಿದ್ದರೆ ಮೊದಲು ನಡೆದೋ ಉಜ್ಜಿಯೋ ಬಿಸಿನೀರಿನಲ್ಲಿ ಅದ್ದಿಯೋ ಅದನ್ನು ಬೆಚ್ಚಗೆ ಮಾಡಬೇಕು. ಪ್ರಯೋಗ ಮುಗಿದ ಮೇಲೆ ಮತ್ತೆ ಬೆಚ್ಚಗಾಗುವವರೆಗೆ ನಡೆಯಬೇಕು.

ಮೊಣಕಾಲಿಗೆ ನೀರೆರೆಯುವ ಕ್ರಮವನ್ನು ನೋಡಿದರೆ ಪೂಜಾವಿಧಿಯ ನೆನಪಾಗುತ್ತದೆ. ಹೃದಯದಿಂದ ದೂರವಿರುವ ಬಲಗಾಲಿನಿಂದ ಆರಂಭ. ಕಿರುಬೆರಳಿನ ಬಳಿಯಿಂದ ಕಾಲಿನ ಹೊರಬದಿಯಲ್ಲಿ ನೀರಿನ ಧಾರೆಯನ್ನು ಮೆಲ್ಲಗೆ ಮೇಲಕ್ಕೊಯ್ದು, ಮೊಣಕಾಲಿನ ಹಿಂದಿನ ಕುಳಿಯಲ್ಲಿ ಒಂದಿಷ್ಟು ಹೊತ್ತು ನಿಲ್ಲಿಸಿ, ಒಳಬದಿಯಿಂದ ಹಿಮ್ಮಡಿಗೆ ಇಳಿಸುತ್ತಾರೆ. ಬಳಿಕ ಎಡಗಾಲು. ಆಮೇಲೆ ಮುಂಬದಿಗೂ ಹಾಗೆಯೇ. ಕೊನೆಗೆ ಎರಡೂ ಅಂಗಾಲುಗಳಿಗೆ ಒಂದೊಂದು ಧಾರೆ. ನೀರು ಚಿಮ್ಮಬಾರದು, ಬಡಿಯಬಾರದು. ತೆಳ್ಳನೆಯ ಬಟ್ಟೆ ಹೊದಿಸಿದಂತೆ ಚರ್ಮದ ಮೇಲೆ ಹರಿದಿಳಿಯಬೇಕು.

ಇನ್ನೊಂದು ವಿಧಾನ ಬಿಸಿ-ತಣ್ಣೀರಿನ ಪಾದಸ್ನಾನ. ಎರಡು ಬಕೀಟುಗಳು: ಒಂದರಲ್ಲಿ ಮೈಬಿಸಿಯಷ್ಟೇ, ಎಂದರೆ ೩೬ರಿಂದ ೩೮ ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು, ಇನ್ನೊಂದರಲ್ಲಿ ೧೮ ಡಿಗ್ರಿಗಿಂತ ತಣ್ಣನೆಯದು. ಬಿಸಿಯಲ್ಲಿ ಐದು ನಿಮಿಷ, ತಣ್ಣೀರಿನಲ್ಲಿ ಹತ್ತು ಹದಿನೈದು ಸೆಕೆಂಡು, ಮತ್ತೊಮ್ಮೆ ಹಾಗೆಯೇ, ತಣ್ಣೀರಿನಲ್ಲಿ ಮುಕ್ತಾಯ.

ಮೀನಖಂಡದ ಕೆಲಸ

ಇಷ್ಟರಿಂದ ಆಗುವುದೇನು? ಮನುಷ್ಯ ಎರಡು ಕಾಲಿನ ಮೇಲೆ ಎದ್ದು ನಿಂತ ದಿನದಿಂದ ಅವನ ರಕ್ತಕ್ಕೆ ಒಂದು ಏರುದಾರಿ ಬಂದಿದೆ. ಹೃದಯದಿಂದ ಪಾದಕ್ಕೆ ಇಳಿದ ರಕ್ತ ಮತ್ತೆ ಹೃದಯಕ್ಕೆ ಏರಬೇಕು. ಹೃದಯ ಮೇಲಿನಿಂದ ತಳ್ಳುವ ಬಲ ಅಷ್ಟು ದೂರ ಹೋಗುವಷ್ಟರಲ್ಲಿ ಕುಂದಿರುತ್ತದೆ. ಆ ಏರಿನಲ್ಲಿ ನೆರವಾಗುವುದು ಮೀನಖಂಡದ ಸ್ನಾಯು. ಹೆಜ್ಜೆಯಿಟ್ಟಾಗಲೆಲ್ಲ ಅದು ಬಿಗಿದು ಒಳಗಿನ ಅಭಿಧಮನಿಗಳನ್ನು ಹಿಂಡುತ್ತದೆ, ರಕ್ತ ಮೇಲಕ್ಕೇರುತ್ತದೆ. ಏರಿದ ರಕ್ತ ಮರಳಿ ಜಾರದಂತೆ ನಾಳಗಳೊಳಗಿನ ಪುಟ್ಟ ಕವಾಟಗಳು ಮುಚ್ಚಿಕೊಳ್ಳುತ್ತವೆ.

ದಿನವೆಲ್ಲ ನಿಂತೇ ಪಾಠ ಹೇಳುವ ಉಪಾಧ್ಯಾಯರು, ಅಂಗಡಿಯ ಗುಮಾಸ್ತರು, ಕ್ಷೌರಿಕರು, ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವ ಗೃಹಿಣಿಯರು, ಕುರ್ಚಿ ಬಿಟ್ಟೇಳದ ಕಚೇರಿಯ ನೌಕರರು, ಇವರಲ್ಲಿ ಆ ಸ್ನಾಯುವಿಗೆ ಕೆಲಸವಿಲ್ಲ. ರಕ್ತ ಕೆಳಗೇ ತಂಗುತ್ತದೆ. ಸಂಜೆಗೆ ಹರಡು ಊದುತ್ತದೆ, ಕಾಲು ಕಲ್ಲಿನಂತೆ ಭಾರವಾಗುತ್ತದೆ. ಎಷ್ಟೋ ಮಂದಿಗೆ ಕವಾಟಗಳು ಸಡಿಲಗೊಂಡು ನೀಲಿ ನಾಳಗಳು ಹಾವಿನಂತೆ ಸುತ್ತಿಕೊಂಡು ಚರ್ಮದಡಿ ಉಬ್ಬಿ ನಿಲ್ಲುತ್ತವೆ.

ಕೊಕ್ಕರೆಯ ನಡಿಗೆ ಈ ತೊಡಕಿನ ಎರಡು ಕಡೆಗೆ ಒಮ್ಮೆಗೇ ಕೈಯಿಡುತ್ತದೆ. ಕಾಲನ್ನು ಎತ್ತಿ ಇಡುವಾಗ ಮೀನಖಂಡ ದುಡಿಯುತ್ತದೆ. ತಣ್ಣೀರು ತಗುಲಿದೊಡನೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಹೊರಬಂದು ನಡೆದಾಗ ಹಿಗ್ಗುತ್ತವೆ. ಆಗ ಅಂಗಾಲಿನಿಂದ ಮೇಲಕ್ಕೆ ಹರಡುವ ಹಿತವಾದ ಕಾವನ್ನು ಅನುಭವಿಸಿದವರು ಮರುದಿನವೂ ತೊಟ್ಟಿಯತ್ತ ತಾವಾಗಿಯೇ ನಡೆಯುತ್ತಾರೆ. ಉಬ್ಬಿದ ನಾಳಗಳಿರುವವರಿಗೆ ಬಿಸಿ-ತಣ್ಣೀರಿನ ಪ್ರಯೋಗ ಮಾಡಿ ನೋಡಿದ ಪರೀಕ್ಷೆಯೊಂದು ೧೯೯೧ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಲಿನ ಊತ ಸ್ವಲ್ಪ ಇಳಿದುದೂ ಭಾರ ಕಡಿಮೆಯಾದುದೂ ಅದರಲ್ಲಿ ಕಂಡುಬಂದಿತು. ಹಾಗೆಂದು ಸಡಿಲಗೊಂಡ ಕವಾಟವನ್ನು ನೀರು ಮತ್ತೆ ಬಿಗಿಗೊಳಿಸುವುದಿಲ್ಲ. ಕೆಟ್ಟ ಬಾಗಿಲು ಕೆಟ್ಟೇ ಇರುತ್ತದೆ. ಮನೆಯವರ ತೊಂದರೆ ಕೊಂಚ ತಗ್ಗುತ್ತದೆ, ಅಷ್ಟೇ.

ಬರಿಗಾಲಿನ ಹಾದಿ

ಊರಿನ ಉದ್ಯಾನದಲ್ಲಿ ಬರಿಗಾಲಿನವರಿಗೆಂದೇ ಒಂದು ಹಾದಿಯನ್ನು ಮಾಡಿದ್ದಾರೆ. ಸುಮಾರು ಒಂದೂವರೆ ಕಿಲೋಮೀಟರಿನ ಆ ದಾರಿಯಲ್ಲಿ ನೆಲ ಹೆಜ್ಜೆಹೆಜ್ಜೆಗೆ ಬದಲಾಗುತ್ತದೆ. ಇಲ್ಲಿ ಹುಲ್ಲು, ಮುಂದೆ ಮರಳು, ಆಮೇಲೆ ನುಣುಪಾದ ಬೆಣಚುಕಲ್ಲು, ಮರದ ತೊಗಟೆ, ಕೆಸರು, ನೀರು. ನಗರದ ಡಾಂಬರು ದಾರಿಯಲ್ಲಿ ಜೋಡಿನೊಳಗೆ ಹುದುಗಿ ಮೂಕವಾಗಿದ್ದ ಕಾಲ್ಬೆರಳುಗಳು ಇಲ್ಲಿ ಬಾಯಿ ಬಂದಂತೆ ಮಾತನಾಡತೊಡಗುತ್ತವೆ. ಒಂದೊಂದು ಬೆರಳೂ ನೆಲವನ್ನು ಹಿಡಿಯಲು ಕಲಿಯುತ್ತದೆ. ಪಾದದ ಸಣ್ಣ ಸ್ನಾಯುಗಳು ಎಚ್ಚರಗೊಳ್ಳುತ್ತವೆ. ಇಬ್ಬನಿಯ ಹುಲ್ಲು, ಒದ್ದೆ ಕಲ್ಲು, ಹೊಸದಾಗಿ ಬಿದ್ದ ಹಿಮ, ಹರಿಯುವ ತಣ್ಣೀರು: ಈ ನಾಲ್ಕರ ಮೇಲೆ ನಡೆಯುವುದನ್ನೂ ಕ್ನೈಪ್ ವಿಧಿಸಿದ್ದರು. ಹಿಮದ ಮೇಲಿನ ನಡಿಗೆ ಇಂದಿಗೂ ಕೆಲವರಿಗೆ ಪ್ರಿಯ. ಒಂದೆರಡು ನಿಮಿಷ ಓಡಾಡಿ ಕೂಡಲೇ ಬೆಚ್ಚನೆಯ ಕೋಣೆಗೆ ಮರಳುತ್ತಾರೆ.

ನೀರೊಂದರಿಂದಲೇ ಎಲ್ಲವೂ ಆಗುವುದೆಂದು ಕ್ನೈಪ್ ಬೋಧಿಸಲಿಲ್ಲ. ನೀರು, ಗಿಡಮೂಲಿಕೆ, ದೇಹಶ್ರಮ, ಸಾದಾ ಆಹಾರ, ಬಾಳಿನಲ್ಲಿ ಒಂದು ಕ್ರಮ, ಈ ಐದು ಕಂಬಗಳ ಮೇಲೆ ಅವರ ಪದ್ಧತಿ ನಿಂತಿದೆ. ಜರ್ಮನಿ ೨೦೧೫ರಲ್ಲಿ ಇದನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಊರು ಕಾಲಕ್ಕೆ ತಕ್ಕಂತೆ ಬದಲಾಗಿಯೂ ಇದೆ. ೨೦೦೪ರಲ್ಲಿ ಇಲ್ಲಿ ಗಾಜಿನ ಮಾಡಿನ ಕೆಳಗೆ ತಾಳೆಮರಗಳನ್ನು ಬೆಳೆಸಿದ ದೊಡ್ಡ ಬಿಸಿನೀರಿನ ಸ್ನಾನಗೃಹವೊಂದು ತೆರೆಯಿತು. ಪ್ರವೇಶಧನ ತೆತ್ತು ಅಲ್ಲಿ ದಿನವೆಲ್ಲ ತೇಲಬಹುದು. ಕಲ್ಲಿನ ತೊಟ್ಟಿಯ ತಣ್ಣೀರಿಗೆ ಮಾತ್ರ ಇಂದಿಗೂ ಕಾಸಿಲ್ಲ.

ನೀರು ಮಾಡಲಾಗದ್ದು

ವೈದ್ಯರನ್ನು ದೂರವಿಟ್ಟು ತಮ್ಮ ಪದ್ಧತಿ ಬೆಳೆಯಬೇಕೆಂದು ಕ್ನೈಪ್ ಬಯಸಲಿಲ್ಲ. ಅವರ ಬಳಿಗೆ ಬಂದು ಕಲಿತ ವೈದ್ಯರು ೧೮೯೪ರಲ್ಲಿ ತಮ್ಮದೇ ಸಂಘವನ್ನು ಕಟ್ಟಿದರು. ಇಂದು ಇಂಥ ಊರಿಗೆ ಚಿಕಿತ್ಸೆಗೆಂದು ಬರುವವರನ್ನು ಮೊದಲು ವೈದ್ಯರು ಪರೀಕ್ಷಿಸುವುದು ರೂಢಿ. ಅದಕ್ಕೆ ಕಾರಣವೂ ಉಂಟು.

ಕಾಲಿನ ನೋವೆಲ್ಲ ಒಂದೇ ಬಗೆಯದಲ್ಲ. ಉಬ್ಬಿದ ಅಭಿಧಮನಿಯಿಂದ ಭಾರವಾದ ಕಾಲಿಗೆ ತಣ್ಣೀರು ಹಿತ. ಆದರೆ ಪಾದಕ್ಕೆ ರಕ್ತ ತರುವ ಅಪಧಮನಿಯೇ ಕಟ್ಟಿಕೊಂಡಿದ್ದರೆ, ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಟ್ಟುಹೋಗುತ್ತದೆ. ಅಂಥ ಕಾಲಿಗೆ ತಣ್ಣೀರು ಕೇಡು. ಇರುವ ಅಲ್ಪ ರಕ್ತವೂ ಹಿಂದೆ ಸರಿದೀತು. ಒಂದೇ ಕಾಲು ದಿಢೀರನೆ ಊದಿ, ಬಿಸಿಯಾಗಿ, ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಎಣ್ಣೆ ಹಚ್ಚಿ ತಿಕ್ಕುತ್ತ ಕೂಡುವುದು ಪ್ರಾಣಕ್ಕೇ ಅಪಾಯ. ಆ ಹೆಪ್ಪು ಶ್ವಾಸಕೋಶಕ್ಕೆ ಏರಿದರೆ ಸಾವೂ ಬರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗುವುದೊಂದೇ ದಾರಿ.

ಸಕ್ಕರೆ ಕಾಯಿಲೆಯವರ ಪಾಡು ಇನ್ನೂ ಸೂಕ್ಷ್ಮ. ಆ ರೋಗ ಬಹುಕಾಲ ಇದ್ದರೆ ಪಾದದ ನರಗಳು ಸ್ಪರ್ಶವನ್ನೇ ಮರೆಯುತ್ತವೆ. ಕಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ, ನೀರು ಸುಡುತ್ತಿರುವುದೂ ತಿಳಿಯುವುದಿಲ್ಲ. ಬರಿಗಾಲಿನ ಹಾದಿಯ ಬೆಣಚುಕಲ್ಲು ಇತರರಿಗೆ ವಿನೋದ. ಅವರಿಗೆ ಅದರಿಂದಾದ ಸಣ್ಣ ಗೀರೇ ವಾರಗಟ್ಟಲೆ ಮಾಯದ ಹುಣ್ಣಾಗಿ, ಕೊನೆಗೆ ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಅವರಿಗೆ ಸಲ್ಲುವ ಪಾದಸೇವೆ ಬೇರೆ. ದಿನವೂ ಸಂಜೆ ಬೆಳಕಿನಲ್ಲಿ ಕುಳಿತು ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳುವುದು, ಬಗ್ಗಲಾಗದವರು ಕನ್ನಡಿಯಲ್ಲಿ ನೋಡುವುದು ಇಲ್ಲವೆ ಮಕ್ಕಳಿಗೆ ತೋರಿಸುವುದು. ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು ಸಂದುಗಳನ್ನು ಚೆನ್ನಾಗಿ ಒರಸಿಕೊಳ್ಳುವುದು. ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡುವುದು. ಮನೆಯೊಳಗೂ ಪಾದರಕ್ಷೆ ಧರಿಸುವುದು. ಇದಕ್ಕೆ ಬವೇರಿಯಾದವರೆಗೆ ಹೋಗಬೇಕಾಗಿಲ್ಲ.

ಬಚ್ಚಲುಮನೆಯ ತಂಬಿಗೆ

ಕನ್ನಡನಾಡಿಗೆ ನೀರಿನ ಚಿಕಿತ್ಸೆ ಅಪರಿಚಿತವೇನಲ್ಲ. ದಕ್ಷಿಣ ಕನ್ನಡದ ಉಜಿರೆಯಲ್ಲಿ ೧೯೮೯ರಲ್ಲಿ ಆರಂಭವಾದ ಪ್ರಕೃತಿಚಿಕಿತ್ಸೆ ಮತ್ತು ಯೋಗವಿಜ್ಞಾನದ ಕಾಲೇಜಿನಲ್ಲಿ ಜಲಚಿಕಿತ್ಸೆ ವಿದ್ಯಾರ್ಥಿಗಳು ಕಲಿಯುವ ಪಾಠಗಳಲ್ಲೊಂದು. ಶಾಸ್ತ್ರದ ಮಾತು ಹಾಗಿರಲಿ, ಬಿಸಿಲಲ್ಲಿ ನಡೆದು ಬಂದ ಅತಿಥಿಗೆ ಮೊದಲು ಕಾಲು ತೊಳೆಯಲು ನೀರು, ಆಮೇಲೆ ಬೆಲ್ಲ-ನೀರು, ಆಮೇಲೆ ಮಾತು: ಇದು ನಮ್ಮ ಹಳೆಯ ಮನೆಗಳ ಪದ್ಧತಿಯಾಗಿತ್ತು. ಜಗಲಿಯ ಪಕ್ಕದ ತಂಬಿಗೆಯೂ ಕಲ್ಲೂ ಅದಕ್ಕೆಂದೇ ಇರುತ್ತಿದ್ದವು. ನಡೆದು ಬಂದ ಕಾಲು ಬೆಚ್ಚಗಿರುತ್ತದೆ. ಬಾವಿಯ ನೀರು ತಣ್ಣಗಿರುತ್ತದೆ. ಕ್ನೈಪ್ ಹೇಳಿದ ಮೊದಲ ನಿಯಮ ಅಲ್ಲಿ ತಾನಾಗಿಯೇ ನೆರವೇರುತ್ತಿತ್ತು. ವೋರಿಸ್‌ಹೋಫನ್ನಿಗೆ ಹೋದ ಕನ್ನಡಿಗನಿಗೆ ಮೊಣಕಾಲಿನ ಹಿಂದಿನಿಂದ ಇಳಿಯುವ ನೀರಿನ ಧಾರೆ ಎಲ್ಲೋ ಪರಿಚಿತವೆನಿಸಿದರೆ ಅಚ್ಚರಿಯಿಲ್ಲ.

ದಿನವೆಲ್ಲ ನಿಂತು ಕಾಲು ಭಾರವಾದ ಆರೋಗ್ಯವಂತರು ಸಂಜೆ ಹತ್ತು ನಿಮಿಷ ನಡೆದು ಬಂದು, ಬಚ್ಚಲುಮನೆಯಲ್ಲಿ ಎರಡು ತಂಬಿಗೆ ತಣ್ಣೀರನ್ನು ಮೊಣಕಾಲಿನಿಂದ ಕೆಳಗೆ ಮೆಲ್ಲಗೆ ಸುರಿದುಕೊಳ್ಳಬಹುದು. ಬಳಿಕ ಕಾಲುಗಳನ್ನು ದಿಂಬಿನ ಮೇಲಿಟ್ಟು ಸ್ವಲ್ಪ ಹೊತ್ತು ಒರಗಬಹುದು. ಕುಳಿತೇ ಕೆಲಸ ಮಾಡುವವರು ಗಂಟೆಗೊಮ್ಮೆ ಎದ್ದು, ಹಿಮ್ಮಡಿಯನ್ನು ಇಪ್ಪತ್ತು ಸಲ ಎತ್ತಿ ಇಳಿಸಬಹುದು. ಇದಕ್ಕೆ ಹಣವಿಲ್ಲ, ಉಪಕರಣವಿಲ್ಲ. ಬೇಕಾದದ್ದು ನಿತ್ಯದ ನೆನಪು, ಮಿತ, ಮತ್ತು ಕಾಲನ್ನು ಒಮ್ಮೆ ಮುಟ್ಟಿ ನೋಡುವ ವ್ಯವಧಾನ.

ಕ್ನೈಪ್ ೧೮೯೭ರ ಜೂನ್ ೧೭ರಂದು ತೀರಿಕೊಂಡರು. ಊರಿನ ಸ್ಮಶಾನದಲ್ಲಿರುವ ಸಣ್ಣ ಪ್ರಾರ್ಥನಾಮಂದಿರದಲ್ಲಿ ಅವರ ಸಮಾಧಿಯಿದೆ. ಪ್ರವಾಸಿಗಳು ಅಲ್ಲಿ ಹೂವಿಟ್ಟು, ಕ್ಷಣಕಾಲ ತಲೆ ಬಾಗಿ ಹೊರಡುತ್ತಾರೆ. ಆದರೆ ಅವರ ನಿಜವಾದ ಸ್ಮಾರಕ ಉದ್ಯಾನದ ತೊಟ್ಟಿಯ ಬಳಿ ಇದೆ.

ಸಂಜೆಯ ಬಿಸಿಲು ಮರಗಳ ತುದಿಗೇರಿದ ಹೊತ್ತು. ಅಜ್ಜನೊಬ್ಬ ಮೊಮ್ಮಗಳ ಕೈ ಹಿಡಿದು ತೊಟ್ಟಿಯ ಬಳಿಗೆ ಬರುತ್ತಾನೆ. ಹುಡುಗಿ ಜೋಡು ಕಿತ್ತೆಸೆದು ನೀರಿಗಿಳಿಯಲು ಆತುರಪಡುತ್ತಾಳೆ. ಅಜ್ಜ ಅವಳನ್ನು ಹಲಗೆಯ ಮೇಲೆ ಕೂರಿಸಿ, ಬಾಗಿ, ಅವಳ ಪುಟ್ಟ ಪಾದಗಳನ್ನು ತನ್ನ ಎರಡು ಅಂಗೈಗಳಲ್ಲಿ ಹಿಡಿದು ನೋಡುತ್ತಾನೆ. ಪಾದ ತಣ್ಣಗಿದೆ. ಅವನು ತಲೆಯಾಡಿಸಿ ಹುಲ್ಲುಹಾಸಿನ ಕಡೆಗೆ ಬೆರಳು ತೋರಿಸುತ್ತಾನೆ. ಹುಡುಗಿ ಮುನಿಸಿನಿಂದ ಎದ್ದು ಒಂದು ಸುತ್ತು ಓಡುತ್ತಾಳೆ. ಎರಡನೆಯ ಸುತ್ತಿಗೆ ಮುನಿಸು ಮರೆತು ನಗುತ್ತಾಳೆ. ಮೂರನೆಯ ಸುತ್ತು ಮುಗಿಸಿ, ಏದುಸಿರು ಬಿಡುತ್ತ ಬಂದು, ತಾನಾಗಿಯೇ ಕಾಲನ್ನು ಅಜ್ಜನ ಮುಂದೆ ಚಾಚುತ್ತಾಳೆ. ಅವನು ಮತ್ತೊಮ್ಮೆ ಮುಟ್ಟಿ ನೋಡುತ್ತಾನೆ. ಈಗ ಬೆಚ್ಚಗಿದೆ. ಇಬ್ಬರೂ ಕಂಬಿ ಹಿಡಿದು ನೀರಿಗಿಳಿಯುತ್ತಾರೆ: ಮುಂದೆ ದೊಡ್ಡ ಕೊಕ್ಕರೆ, ಹಿಂದೆ ಮರಿ ಕೊಕ್ಕರೆ.